ದೋಣಿಗೊಂದು ತೇಪೆ

ತೇಪೆ ಹಾಕುವುದೆಂದರೆ ನಮ್ಮ ಮಾತಿನಲ್ಲಿ ಅಷ್ಟೇನೂ ಗೌರವದ ಕೆಲಸವಲ್ಲ. ಹರಿದುದನ್ನು ಹೇಗೋ ಮರೆಮಾಚುವುದು ಎಂಬ ಅರ್ಥವೇ ಅದಕ್ಕೆ ಅಂಟಿಕೊಂಡಿದೆ. ಕಳೆದ ಬೇಸಗೆಯ ರಜೆಯವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ನಮ್ಮ ಮನೆಯಿರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯು ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ. ಈ ಅಳಿವೆಗೆ ರಾಮ್‌ಸಾರ್ ತಾಣವೆಂಬ ಮನ್ನಣೆ ದೊರೆತಿದೆ. ಅಪ್ಪನಿಗೆ ಆ ಮನ್ನಣೆಗಿಂತ ಅಲ್ಲಿಯ ಬಳಚು, ಮೀನುಗಳೇ ಮುಖ್ಯ. ಅವನ ಆಸ್ತಿಯೆಂದರೆ 14 ಅಡಿಯ ಒಂದು ಹಳೆಯ ಫೈಬರ್ ದೋಣಿ. ನಮ್ಮ ಮನೆತನದಲ್ಲಿ ಮೊದಲಿಗನಾಗಿ ನನ್ನನ್ನು ಬಿ.ಎ. ತರಗತಿಗೆ ದಾಟಿಸಿದ್ದು ಅದೇ ದೋಣಿ ಎಂದರೆ ಅತಿಶಯೋಕ್ತಿಯಲ್ಲ. ಆದರೂ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ 'ವ್ಯಾಪಾರ' ಎಂದು ಬರೆದ ಜಾಣ ನಾನು!

ಆ ದೋಣಿಯನ್ನು ಒಡೆದವನೂ ನಾನೇ. ಊರಿಗೆ ಬಂದಿದ್ದ ಇಬ್ಬರು ಗೆಳೆಯರೆದುರು ಹುಟ್ಟು ಹಾಕುವ ಚಾತುರ್ಯವನ್ನು ಮೆರೆಯಹೊರಟು, ಇಳಿತದ ವೇಳೆಯಲ್ಲಿ ಸಿಂಪಿ ಕಚ್ಚಿಕೊಂಡಿದ್ದ ಬಂಡೆಯ ಮೇಲೆ ಅದನ್ನು ಏರಿಸಿಬಿಟ್ಟೆ. ಅಡಿಯಲ್ಲಿ ಗೇಣುದ್ದದ ಬಿರುಕು. ಒಳಗಿನ ನಾರು ಹೊರಗೆ ಕಾಣುತ್ತಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಎಷ್ಟೋ ಹಗುರಾಗುತ್ತಿತ್ತು. "ಬೇರೆಯವರ ಕೈಲಿ ಮಾಡಿಸಿದರೆ ನಿನ್ನ ಫೀಸಿಗೆ ಇಟ್ಟದ್ದು ಹೋಗುತ್ತದೆ, ತಮ್ಮಾ. ನಾವೇ ಮಾಡುವ" ಎಂದ.

ದೋಣಿಯನ್ನು ಕವುಚಿ ಹಾಕಿ, ಅಪ್ಪ ಒಂದು ರೂಪಾಯಿಯ ನಾಣ್ಯದಿಂದ ಅಡಿಯನ್ನು ತಟ್ಟುತ್ತ ಹೋದ. ಗಟ್ಟಿಯಿದ್ದಲ್ಲಿ ಟಣ್ಣೆಂದಿತು, ಪದರ ಬಿಟ್ಟಿದ್ದಲ್ಲಿ ದೊಪ್ಪೆಂದಿತು. ಕಣ್ಣಿಗೆ ಗೇಣುದ್ದವಿದ್ದ ಗಾಯ ಕಿವಿಗೆ ಒಂದೂವರೆ ಗೇಣಾಯಿತು! ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿದೆವು. ಬಳಿಕ ಮೂಗುಬಾಯಿಗೆ ಬಟ್ಟೆ ಕಟ್ಟಿ, ಸಡಿಲಾದುದನ್ನೆಲ್ಲ ಮರಳುಕಾಗದದಿಂದ ಉಜ್ಜಿ ತೆಗೆದೆವು. ಅಂಚನ್ನು ಸುತ್ತಲೂ ಇಳಿಜಾರಾಗಿ ಸವೆಸಬೇಕು; ಪದರದ ದಪ್ಪದ 12 ಪಟ್ಟಿನಷ್ಟಾದರೂ ಅಗಲವಿದ್ದರೆ ಹೊಸದು ಹಳೆಯದನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಜಿನ ನಾರಿನ ಪುಡಿ ತಾಗಿದ ತುರಿಕೆಯನ್ನು ನಾನು ಇನ್ನೂ ಮರೆತಿಲ್ಲ.

ರೆಸಿನ್ ಕಲಸುವ ಹೊಣೆ ವಿದ್ಯಾವಂತನಾದ ನನ್ನ ಪಾಲಿಗೆ ಬಂದಿತು. 500 ಗ್ರಾಮಿಗೆ ಶೇಕಡಾ 2ರಂತೆ 10 ಗ್ರಾಂ ಹಾರ್ಡನರ್ ಎಂದು ಲೆಕ್ಕವನ್ನೇನೋ ಸರಿಯಾಗಿಯೇ ಮಾಡಿದೆ. ಸಂಜೆಯಾಗುತ್ತಿದೆ, ಬೇಗ ಗಟ್ಟಿಯಾಗಲೆಂದು ಇನ್ನಷ್ಟು ಸುರಿದೆ. ಕೆಲವೇ ನಿಮಿಷಗಳಲ್ಲಿ ಡಬ್ಬಿ ಕೈ ಸುಡುವಷ್ಟು ಕಾಯಿತು, ಹೊಗೆಯೆದ್ದಿತು, ರೆಸಿನ್ ಕಲ್ಲಾಯಿತು. ಅರ್ಧ ಕಿಲೋ ವ್ಯರ್ಥ! ಅಪ್ಪ ಡಬ್ಬಿಯನ್ನು ನೋಡಿ, "ಲೆಕ್ಕ ಬಂದರೆ ಸಾಲದು, ತಮ್ಮಾ, ತಾಳ್ಮೆಯೂ ಬೇಕು" ಎಂದು ಮತ್ತೆ ಪೇಟೆಗೆ ನಡೆದ. ಬಿಸಿಲಿನಲ್ಲಿ ದೂರವಾಗುತ್ತಿದ್ದ ಆ ಬೆನ್ನನ್ನು ನೋಡುತ್ತ ನಿಂತ ನನಗೆ ನನ್ನ ಅರ್ಜಿಯ ಆ ಒಂದು ಶಬ್ದ ನೆನಪಾಯಿತು.

ಮರುದಿನ ಬೆಳಗ್ಗೆ ನೆರಳಿನಲ್ಲಿ, 100 ಗ್ರಾಮಿಗೆ 2 ಗ್ರಾಮಿನಂತೆ ಸ್ವಲ್ಪ ಸ್ವಲ್ಪವೇ ಕಲಸಿದೆ. ಒಂದಕ್ಕಿಂತ ಒಂದು ದೊಡ್ಡದಾದ ಮೂರು ಮ್ಯಾಟಿನ ತುಂಡುಗಳನ್ನು ಅಪ್ಪ ಕೂರಿಸಿದ. ಒಳಗೆ ಗಾಳಿ ಉಳಿದರೆ ತೇಪೆ ನಿಲ್ಲದು. ಕುಂಚದ ತುದಿಯಿಂದ ಕುಟ್ಟಿ ಕುಟ್ಟಿ ಗುಳ್ಳೆಗಳನ್ನು ಹೊರಡಿಸಿದೆವು. ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿ, ಜೆಲ್‌ಕೋಟ್ ಬಳಿದು, ಅಂಟಂಟಾಗಿ ಉಳಿಯದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು.

ದೋಣಿ ನೀರಿಗಿಳಿದ ದಿನ ಅಪ್ಪ ನನ್ನನ್ನು ಒಳಗೆ ಕೂರಿಸಿ, ತೇಪೆಯ ಮೇಲೆ ಅಂಗೈ ಇಡಹೇಳಿದ. ನದಿಯ ನಡುವೆ ಹೋದರೂ ಅಂಗೈ ಒಣಗಿಯೇ ಇತ್ತು. ಹೊಸ ಬಣ್ಣ ಮಾತ್ರ ಹಳೆಯದಕ್ಕೆ ಹೊಂದಲಿಲ್ಲ. ಮತ್ತೊಮ್ಮೆ ಬಳಿಯೋಣವೇ ಎಂದೆ. "ಇರಲಿ ಬಿಡು. ಬಂಡೆ ಎಲ್ಲಿದೆಯೆಂದು ನೆನಪಿರುತ್ತದೆ" ಎಂದು ನಕ್ಕ.

ಈ ವರ್ಷದ ಅರ್ಜಿಯಲ್ಲಿ 'ಮೀನುಗಾರಿಕೆ' ಎಂದು ಬರೆದಿದ್ದೇನೆ. ವಾಚಕರು ಇದನ್ನೂ ಒಂದು ತೇಪೆಯೆನ್ನಬಹುದು, ನನ್ನ ಆಕ್ಷೇಪಣೆಯಿಲ್ಲ.