ಹೆಜ್ಜೆಯ ಹದ

ಭರತನಾಟ್ಯದ ತರಗತಿಯ ಹೊರಗೆ, ರಾಶಿ ಚಪ್ಪಲಿಗಳ ಪಕ್ಕ ಕೂತು ಕಾಯುವ ಕೆಲಸ ನನ್ನ ಪಾಲಿಗೆ ಬಂದದ್ದು ತಂಗಿಯ ಮಗಳ ದೆಸೆಯಿಂದ. ಕಾಯುವವರಲ್ಲಿ ಬಹುಪಾಲು ಮಂದಿ ಮೊಬೈಲು ನೋಡುತ್ತಾರೆ. ನನಗೆ ಕಿಟಕಿಯೇ ವಾಸಿ. ಒಳಗೆ ತಟ್ಟುಮಣೆಯ ಮೇಲೆ ಕೋಲು ಬೀಳುತ್ತಿರುತ್ತದೆ, ‘ತೈಯಾ ತೈ’ ಎಂದು ಸೊಲ್ಲು ಸಾಗುತ್ತಿರುತ್ತದೆ, ಹುಡುಗಿಯರು ಅರೆಮಂಡಿಯಲ್ಲಿ ಸಾಲಾಗಿ ನಿಂತು ತಟ್ಟಡವು ಮಾಡುತ್ತಿರುತ್ತಾರೆ. ಎಲ್ಲರ ಕಾಲೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತದೆ, ಎಲ್ಲರ ಬೆನ್ನೂ ನೆಟ್ಟಗಿದೆ. ಆದರೂ ಕಣ್ಣು ಎರಡನೇ ಸಾಲಿನ ಮೂಲೆಯಲ್ಲಿರುವ ಒಬ್ಬ ಸಣಕಲು ಹುಡುಗಿಯ ಮೇಲೆಯೇ ಹೋಗಿ ಕೂರುತ್ತದೆ. ಅವಳು ನಮ್ಮವಳಲ್ಲ ಎಂದು ತಂಗಿಗೆ ಹೇಳುವ ಧೈರ್ಯ ನನಗಿಲ್ಲ. ಕಾಲು ಎತ್ತುವಾಗ ಆ ಹುಡುಗಿಗೆ ಅವಸರವಿಲ್ಲ, ಇಳಿಸುವಾಗ ಅನುಮಾನವಿಲ್ಲ.

ಒಂದು ಸಂಜೆ ಮಿಸ್ಸು ಅವಳ ಪಕ್ಕದವಳಿಗೆ ಹೇಳುತ್ತಿದ್ದರು: “ಲೆಕ್ಕ ಸರಿ ಇದೆ ಕಣೇ, ಕೈಯೂ ಸರಿ ಇದೆ. ಆದ್ರೆ ನೀನು ಅಡವು ಒಪ್ಪಿಸ್ತಿದ್ದೀಯ, ಕುಣೀತಿಲ್ಲ.”

ಒಪ್ಪಿಸುವುದಕ್ಕೂ ಕುಣಿಯುವುದಕ್ಕೂ ನಡುವೆ ಇರುವುದೇನು ಎಂಬುದನ್ನು ಬಿಡಿಸಿ ನೋಡಲು ಹೊರಟ ಒಬ್ಬ ಆಸಾಮಿ ಇದ್ದ, ರುಡಾಲ್ಫ್ ಲಾಬಾನ್ ಅಂತ. 1879ರಲ್ಲಿ ಈಗಿನ ಬ್ರಾಟಿಸ್ಲಾವಾದಲ್ಲಿ ಹುಟ್ಟಿದವನು. ಜರ್ಮನಿಯಲ್ಲಿ ಹೆಸರು ಮಾಡಿ, ನಾಟ್ಸಿ ಸರ್ಕಾರದ ಕೆಳಗೇ ಕೆಲ ಕಾಲ ದುಡಿದು, ಆಮೇಲೆ ಅವರಿಗೇ ಬೇಡವಾಗಿ ಇಂಗ್ಲೆಂಡು ಸೇರಿದ. ಅಲ್ಲಿ ಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋಗಿ, ಕಾರ್ಖಾನೆಯ ಭಾರದ ಕೆಲಸಗಳೆಲ್ಲ ಹೆಂಗಸರ ಮೇಲೆ ಬಿದ್ದಿದ್ದವು. ಎಫ್. ಸಿ. ಲಾರೆನ್ಸ್ ಎಂಬ ಉದ್ಯಮ ಸಲಹೆಗಾರನ ಜೊತೆ ಸೇರಿ ಈ ನೃತ್ಯದ ಮನುಷ್ಯ ಕಾರ್ಖಾನೆ ಹೊಕ್ಕ. ತೋಳಿನ ಬಲ ಸಾಲದ ಕಡೆ ಇಡೀ ಮೈಯನ್ನು ತೂಗಿ, ಆ ತೂಗಾಟದಲ್ಲೇ ಭಾರ ಎತ್ತುವುದನ್ನು ಅವರಿಗೆ ಹೇಳಿಕೊಟ್ಟ. ಇಬ್ಬರೂ ಕೂಡಿ 1947ರಲ್ಲಿ ‘ಎಫರ್ಟ್’ ಎಂಬ ಪುಸ್ತಕವನ್ನೂ ಬರೆದರು. ಯಾವ ಚಲನೆಯನ್ನೇ ಕೊಡಿ, ಲಾಬಾನ್ ನಾಲ್ಕು ಪ್ರಶ್ನೆ ಕೇಳುತ್ತಾನೆ. ತೂಕ ಎಷ್ಟು, ಹಗುರವೋ ಬಲವೋ? ಹೊತ್ತು ಎಷ್ಟು, ಥಟ್ಟನೆಯೋ ನಿಧಾನವೋ? ದಾರಿ ಯಾವುದು, ನೇರವೋ ಸುತ್ತುಬಳಸೋ? ಹರಿವು ಹೇಗೆ, ಬಿಗಿಹಿಡಿದದ್ದೋ ಬಿಟ್ಟದ್ದೋ? ಮೊದಲ ಮೂರನ್ನು ಅದಲು ಬದಲು ಮಾಡಿ ಜೋಡಿಸಿದರೆ ಎಂಟು ಬಗೆಯ ಕ್ರಿಯೆಗಳಾಗುತ್ತವೆ: ಗುದ್ದುವುದು, ಬೀಸುವುದು, ಒತ್ತುವುದು, ಹಿಂಡುವುದು, ತಟ್ಟಿ ತೆಗೆಯುವುದು, ಕೊಡವುವುದು, ಜಾರುವುದು, ತೇಲುವುದು.

ಇದನ್ನು ಕಲಿಯಲು ನಾವು ಇಂಗ್ಲೆಂಡಿನ ಕಾರ್ಖಾನೆಗೆ ಹೋಗಬೇಕಿಲ್ಲ, ಮದುವೆ ಮನೆಯ ಪಂಕ್ತಿ ಸಾಕು. ತುಪ್ಪದ ಮಿಳ್ಳೆ ಹಿಡಿದವನ ಕೈ ನೋಡಿ. ಹಗುರ, ಚುರುಕು, ನೇರ. ಎಲೆಯ ಮೇಲೆ ತುಪ್ಪ ಬಿತ್ತೋ ಇಲ್ಲವೋ ಎನ್ನುವಷ್ಟರಲ್ಲಿ ಅವನು ಮೂರು ಎಲೆ ದಾಟಿರುತ್ತಾನೆ. ಹಪ್ಪಳದವನೂ ಅಷ್ಟೇ ಹಗುರ, ಅಷ್ಟೇ ಚುರುಕು, ಆದರೆ ಅವನ ಮಣಿಕಟ್ಟಿಗೆ ನೇರ ದಾರಿ ಗೊತ್ತಿಲ್ಲ; ಕೊಡವುತ್ತಾನೆ, ಹಪ್ಪಳ ಪಲ್ಯದ ಮೇಲೆ ಬೀಳುವುದೋ ಪಾಯಸದ ಮೇಲೋ ಅದರ ಹಣೆಬರಹ. ಅನ್ನದವನು ಬೀಸುತ್ತಾನೆ. ನನಗೆ ಪ್ರಿಯವಾದದ್ದು ಮಾತ್ರ ಉಪಚಾರಕ್ಕೆ ಬರುವ ಹುಡುಗಿಯ ಸೋದರಮಾವನ ಕೈ. ಸಾಕು ಸಾಕು ಎಂದು ಎಲೆಗೆ ಅಡ್ಡ ಹಿಡಿದ ನಮ್ಮ ಕೈಯನ್ನು ಮೆಲ್ಲಗೆ, ನೇರವಾಗಿ, ಬಲವಾಗಿ ಒತ್ತಿ ಸರಿಸಿ ಲಾಡು ಇಟ್ಟೇ ಬಿಡುತ್ತಾರೆ. ಲಾಬಾನ್ ಹೇಳಿದ ‘ಒತ್ತುವುದು’ ಅಪ್ಪಟವಾಗಿ ಅದೇ.

ನಮ್ಮವರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಟ್ಟರು. ಅಭಿನಯದರ್ಪಣದಲ್ಲಿ ಹತ್ತು ಗತಿಗಳು ಬರುತ್ತವೆ: ಹಂಸ, ನವಿಲು, ಜಿಂಕೆ, ಆನೆ, ಕುದುರೆ, ಸಿಂಹ, ಹಾವು, ಕಪ್ಪೆ, ಆಮೇಲೆ ವೀರ ಮತ್ತು ಮಾನವೀ. ಮನುಷ್ಯನ ನಡಿಗೆಯನ್ನು ಪಟ್ಟಿಯ ಕೊನೆಗೆ ತಳ್ಳಿದ್ದರಲ್ಲಿ ಒಂದು ವಿನಯ ಇದೆಯೆಂದು ನನಗೆ ಅನ್ನಿಸುತ್ತದೆ. ಗಜಗತಿ ಎಂದಾಗ ನರ್ತಕಿ ಸೊಂಡಿಲು ತೋರಿಸಿ ಮುಗಿಸಿದರೆ ಆನೆ ಬಂದಂತಾಗಲಿಲ್ಲ. ತೂಕ ಒಂದು ಪಾದದಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುವುದು ಕಂಡಾಗಲೇ ಆನೆ. ಜಿಂಕೆಗೆ ಕೈಮುದ್ರೆ ಹಿಡಿದರೆ ಸಾಲದು, ಓಟದ ನಡುವೆ ಒಂದು ಥಟ್ಟನೆಯ ತಡೆ ಬೇಕು. ನಾಟ್ಯಶಾಸ್ತ್ರವಂತೂ ಗತಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಕತ್ತಲಲ್ಲಿ ತಡಕಾಡುತ್ತ ನಡೆಯುವವನು ಹೇಗೆ ನಡೆಯಬೇಕು, ದೋಣಿಯಲ್ಲಿ ಹೋಗುವುದನ್ನು ಹೇಗೆ ತೋರಿಸಬೇಕು ಎನ್ನುವಲ್ಲಿಯವರೆಗೆ ಇಳಿಯುತ್ತದೆ.

ಇಷ್ಟು ಸೂಕ್ಷ್ಮ ಕಂಡ ಪರಂಪರೆಯನ್ನು ‘ತಾಂಡವ ಗಂಡಸಿಗೆ, ಲಾಸ್ಯ ಹೆಂಗಸಿಗೆ’ ಎಂದು ಎರಡು ಚೀಲಕ್ಕೆ ತುಂಬಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಬೇಸರ. ಆ ಹಂಚಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಯಕ್ಷಗಾನದ ಭಸ್ಮಾಸುರ ಮೋಹಿನಿ ಒಂದೇ ಸಾಕು. ಬಡಗುತಿಟ್ಟಿನಲ್ಲಿ ಭಸ್ಮಾಸುರ ಎಂದೊಡನೆ ಬಾಯಿಗೆ ಬರುವ ಹೆಸರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು. ಹೊನ್ನಾವರ ಸೀಮೆಯ ಈ ಕಲಾವಿದರಿಗೆ 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಬಿಚ್ಚಿರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿಯಾಗುವ ವರ ಪಡೆದ ಅಸುರನನ್ನು ವಿಷ್ಣು ಮೋಹಿನಿಯಾಗಿ ಬಂದು ಕುಣಿಸಿ, ಅವನ ಕೈಯನ್ನು ಅವನ ತಲೆಗೇ ಇಡಿಸುತ್ತಾನೆ. ಅಂದರೆ ಇದೊಂದು ಕುಣಿತದ ಪಾಠ. ಮೋಹಿನಿ ಗುರು, ಅಸುರ ಶಿಷ್ಯ. ಸಾಂಪ್ರದಾಯಿಕ ಮೇಳದಲ್ಲಾದರೆ ಮೋಹಿನಿಯ ಸೀರೆಯೊಳಗೆ ಇರುವವರೂ ಗಂಡಸೇ.

ಆ ಮೋಹಿನಿ ಬಲಗೈಯನ್ನು ಸೊಂಟದಿಂದ ಭುಜದವರೆಗೆ ತರುವುದನ್ನು ನೋಡಿ. ಮೊದಲು ಮೊಣಕೈ ಹೊರಡುತ್ತದೆ, ಮಣಿಕಟ್ಟು ಹಿಂದೆ ಉಳಿಯುತ್ತದೆ, ಬೆರಳ ತುದಿಗೆ ಸುದ್ದಿ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಅಸುರನೂ ಅದೇ ಕೈಯನ್ನು ಅದೇ ದಾರಿಯಲ್ಲಿ ಒಯ್ಯುತ್ತಾನೆ. ಆದರೆ ಅವನ ಮೊಣಕೈ, ಮಣಿಕಟ್ಟು, ಬೆರಳು ಎಲ್ಲವೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪುತ್ತವೆ. ಸಭೆ ಗೊಳ್ಳೆಂದು ನಗುತ್ತದೆ. ಚಲನೆಯಲ್ಲಿ ತಪ್ಪೇನೂ ಇಲ್ಲ, ಹದ ಮಾತ್ರ ರಾಕ್ಷಸರದ್ದು. ಭಾಗವತರು ಮತ್ತೆ ಪದ ಎತ್ತುತ್ತಾರೆ, ಮತ್ತೊಂದು ಸುತ್ತು, ಇನ್ನೊಂದು ಸುತ್ತು. ವೇಷಧಾರಿ ಬಲ್ಲವನಾದರೆ ಸುತ್ತಿನಿಂದ ಸುತ್ತಿಗೆ ಅಸುರನ ಭುಜ ಸಡಿಲವಾಗುತ್ತದೆ, ಹಿಮ್ಮಡಿಯ ಹೊಡೆತ ತಗ್ಗುತ್ತದೆ, ಮಣಿಕಟ್ಟು ಹಿಂದೆ ಉಳಿಯುವುದನ್ನು ಕಲಿಯುತ್ತದೆ. ನಾವು ನಗುವುದನ್ನು ಮರೆತ ಹೊತ್ತಿಗೆ ಅವನು ಅವಳಷ್ಟೇ ಹಗುರಾಗಿ ಕುಣಿಯುತ್ತಿರುತ್ತಾನೆ. ಅವನ ಸಾವು ಅಲ್ಲಿಗೇ ಖಾತ್ರಿಯಾಯಿತು. ಕೈ ತಲೆಯ ಮೇಲೆ ಕೂರುವುದೆಲ್ಲ ಬರಿಯ ಶಾಸ್ತ್ರ.

ತೂಕವನ್ನೇ ಕಣ್ಣಾರೆ ಕಾಣಬೇಕೆಂದರೆ ಡೊಳ್ಳು ಕುಣಿತಕ್ಕೆ ಹೋಗಬೇಕು. ಡೊಳ್ಳು ಕುಣಿಯುವವನನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ಅವನು ಹಾರಿದರೆ ಅದನ್ನೂ ಹೊತ್ತುಕೊಂಡೇ ಹಾರಬೇಕು. ಹರಿವು ಬೇಕೆಂದರೆ ಮಹದೇಶ್ವರನ ಗುಡ್ಡರ ಬೀಸು ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ ಬಿಟ್ಟ ಮೇಲೆ ಅದರ ಪಾಡು ಅದಕ್ಕೆ; ಅದು ಸುತ್ತು ಹೊಡೆದು ಬರುವ ಜಾಗಕ್ಕೆ ಎಡಗೈ ಮೊದಲೇ ಹೋಗಿ ಕಾದಿರಬೇಕು. ನಡುವೆ ಬಿಗಿ ಹಿಡಿದರೆ ನಾದವೂ ಕೆಟ್ಟಿತು, ಪಕ್ಕದವನ ತಲೆಗೂ ಕ್ಷೇಮವಲ್ಲ.

ನನ್ನ ತಕರಾರು ಇರುವುದು ವೇಗದ ಮೇಲೆ. ಟಿ.ವಿ. ಸ್ಪರ್ಧೆಗಳಲ್ಲಿ ಮಕ್ಕಳು ಕುಣಿಯುವುದನ್ನು ನೋಡಿದರೆ ಉಸಿರು ಕಟ್ಟುವುದು ನನಗೇ. ಮೊದಲಿನಿಂದ ಕಡೆಯವರೆಗೂ ಒಂದೇ ಬಿರುಸು. ಎಲ್ಲವೂ ಬಿರುಸಾದಾಗ ಯಾವುದೂ ಬಿರುಸಾಗಿ ಕಾಣುವುದಿಲ್ಲ ಎಂಬ ಸಣ್ಣ ವಿಷಯ ಅಲ್ಲಿನ ತೀರ್ಪುಗಾರರಿಗೂ ಹೊಳೆದಂತಿಲ್ಲ. ಬಯಲಾಟವೂ ಇದರಿಂದ ಪಾರಾಗಿಲ್ಲ. ಧಿಗಿಣ ಎಷ್ಟು, ಮಂಡಿ ಎಷ್ಟು ಸುತ್ತು ಹಾಕಿದ ಎಂದು ಲೆಕ್ಕ ಹಿಡಿದು ಶಿಳ್ಳೆ ಹೊಡೆಯುವವರು ಎಲ್ಲ ಊರಲ್ಲೂ ಇದ್ದಾರೆ. ಭರತನಾಟ್ಯದ ಪಾಠದಲ್ಲಿ ಒಂದೇ ಅಡವನ್ನು ಮೂರು ಕಾಲದಲ್ಲಿ ಮಾಡಿಸುತ್ತಾರೆ. ಎರಡನೆಯದು ಮೊದಲಿನ ಇಮ್ಮಡಿ ವೇಗ, ಮೂರನೆಯದು ನಾಲ್ಮಡಿ. ಮಕ್ಕಳಿಗೆಲ್ಲ ಮೂರನೇ ಕಾಲದ ಮೇಲೆ ಆಸೆ. ನೋಡುತ್ತ ನೋಡುತ್ತ ನನಗೆ ತಿಳಿದಂತೆ ಕಷ್ಟದ್ದು ಮೊದಲನೇ ಕಾಲ. ಎರಡು ತಟ್ಟಿನ ನಡುವೆ ಅಷ್ಟೊಂದು ಹೊತ್ತು ಕೈಗೆ ಸಿಗುತ್ತದಲ್ಲ, ಅದನ್ನು ಏನು ಮಾಡುವುದು? ಮೂಲೆಯ ಆ ಸಣಕಲು ಹುಡುಗಿಗೆ ಅದು ಗೊತ್ತಿದೆ.

ಕೆರೆಮನೆ ಶಂಭು ಹೆಗಡೆಯವರಿಗೂ ಗೊತ್ತಿತ್ತು. ಮನೆಯಲ್ಲೇ ಯಕ್ಷಗಾನವಿದ್ದ ಅವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಊರಿಗೆ ಮರಳಿದವರು. ಪದ ಮುಗಿದ ಮೇಲೆ ಅವರು ಸುಮ್ಮನೆ ನಿಂತರೆ ಆ ನಿಲುವೂ ಕುಣಿತದ ಲೆಕ್ಕಕ್ಕೇ ಸೇರುತ್ತಿತ್ತು. ಚಿಟ್ಟಾಣಿಯೋ ಶಂಭು ಹೆಗಡೆಯೋ ಎಂದು ಬೆಳಗಿನ ಚಹಾದ ಜೊತೆ ವಾದಿಸುವವರನ್ನು ಕಂಡಿದ್ದೇನೆ. ನಾನು ಆ ವಾದಕ್ಕೆ ಇಳಿಯುವವನಲ್ಲ. ಒಬ್ಬರ ಮೈಯಲ್ಲಿ ಬಿಟ್ಟ ಹರಿವು, ಇನ್ನೊಬ್ಬರ ಮೈಯಲ್ಲಿ ಹಿಡಿದ ಹರಿವು. ಎರಡೂ ಒಂದೇ ತಾಲ್ಲೂಕಿನ ನೀರು.

ಇದೆಲ್ಲ ತಲೆಗೆ ಹೊಕ್ಕ ಮೇಲೆ ಒಂದು ಚಟ ಅಂಟಿಕೊಂಡಿದೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ನಿಂತು, ಬಂದುಹೋಗುವವರಿಗೆ ಹತ್ತು ಗತಿಗಳಲ್ಲಿ ಒಂದೊಂದನ್ನು ಹಂಚುವುದು. ಹೆಗಲ ಮೇಲೆ ಚೀಲ ಹೊತ್ತ ಕೂಲಿಯವನದು ಅನುಮಾನವೇ ಇಲ್ಲದ ಗಜಗತಿ. ಹೊರಟ ಬಸ್ಸಿನ ಹಿಂದೆ ಓಡುವ ಕಾಲೇಜು ಹುಡುಗ ತುರಗ. ಟಿಕೆಟ್ಟು ಹರಿಯುತ್ತ ಜನರ ಸಂದಿಯಲ್ಲಿ ಹರಿದುಹೋಗುವ ಕಂಡಕ್ಟರಿಗೆ ಭುಜಂಗವಲ್ಲದೆ ಇನ್ನೇನು. ಒಂದು ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿ, “ಹಾಗಾದ್ರೆ ನನ್ನ ಗತಿ ಯಾವುದು, ಹೇಳು ನೋಡೋಣ” ಎಂದು ಮನೆಯಾಕೆಯನ್ನು ಕೇಳಿದೆ.

“ನಿಮ್ಮದಾ?” ಸಾರಿನ ಸೌಟು ಹಿಡಿದೇ ಅವಳು ಯೋಚಿಸಿದಳು. “ಅಂಗಡಿಗೆ ಹೋಗಿ ಬನ್ನಿ ಅಂದ್ರೆ ಆನೆ, ಬಜ್ಜಿ ಕರೀತಿದ್ದೀನಿ ಅಂದ್ರೆ ಜಿಂಕೆ. ನವಿಲು, ಹಂಸ ಅಂತೂ ನಾನು ನೋಡಿಲ್ಲಪ್ಪ.”