ಈಗ ತಾನೇ ಆಯಿತು

ನಮ್ಮ ಜನ ಅತಿ ಹೆಚ್ಚಾಗಿ ಹೇಳುವ ಸುಳ್ಳು ಯಾವುದೆಂದು ಯಾರಾದರೂ ಕೇಳಿದರೆ, ನಾನು ತಡವರಿಸದೆ ಉತ್ತರ ಕೊಡಬಲ್ಲೆ: "ಈಗ ತಾನೇ ಆಯಿತು." ಮಧ್ಯಾಹ್ನ ನಾಲ್ಕು ಗಂಟೆಗೆ ಸ್ನೇಹಿತರ ಮನೆಗೆ ಹೋಗುತ್ತೀರಿ. ಮನೆಯಾಕೆ "ಟೀ ಮಾಡಲೇ, ಕಾಫಿಯೇ?" ಎನ್ನುತ್ತಾರೆ. ನೀವು "ಏನೂ ಬೇಡಿ, ಈಗ ತಾನೇ ಆಯಿತು" ಎನ್ನುತ್ತೀರಿ. ಆಗಿಲ್ಲವೆಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು. "ಅರ್ಧ ಲೋಟವಾದರೂ" ಎಂದು ಅವರು, "ಹಾಗಾದರೆ ಒಂದೇ ಗುಟುಕು" ಎಂದು ನೀವು. ಕೊನೆಗೆ ಬರುವುದು ತುಂಬಿದ ಲೋಟ, ಜೊತೆಗೊಂದು ತಟ್ಟೆ ಉಪ್ಪಿಟ್ಟು. ಎರಡೂ ಖಾಲಿಯಾಗುತ್ತವೆ.

ಇಂಗ್ಲಿಷರ ಮಧ್ಯಾಹ್ನದ ಟೀಗೆ ಕಟ್ಟುಕಟ್ಟಳೆ ಬೇರೆ. 1840ರ ಸುಮಾರಿನಲ್ಲಿ, ರಾತ್ರಿಯ ಊಟ ತಡವಾಗುತ್ತಿದ್ದುದರಿಂದ ನಡುವಿನ ಹಸಿವು ತಾಳಲಾರದೆ, ಬೆಡ್‌ಫರ್ಡಿನ ಡಚೆಸ್ ಆನಾ ಎಂಬಾಕೆ ಅದನ್ನು ರೂಢಿಗೆ ತಂದಳೆಂದು ಪ್ರತೀತಿ. ಹಸಿವಿನಿಂದ ಹುಟ್ಟಿದ್ದು ಬರಬರುತ್ತ ನಿಯಮಗಳ ಕಂತೆಯಾಯಿತು: ಚಮಚ ಬಟ್ಟಲಿಗೆ ತಗುಲಿ ಸದ್ದಾಗಬಾರದು, ಬಿಸ್ಕತ್ತು ಅದ್ದಬಾರದು, ಸಾಸರಿಗೆ ಸುರಿದು ಕುಡಿಯಬಾರದು. ನನ್ನ ತಾತ ಸಾಸರಿಗೇ ಸುರಿದು, ಬೀದಿಗೆ ಕೇಳುವಂತೆ ಸೊರ್ರೆಂದು ಹೀರುತ್ತಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲಿಷರೂ ಸಾಸರಿನಲ್ಲಿ ಕುಡಿಯುತ್ತಿದ್ದರೆಂದು ತಿಳಿದಿದ್ದರೆ ಇನ್ನೂ ಗಟ್ಟಿಯಾಗಿ ಹೀರುತ್ತಿದ್ದರೋ ಏನೋ!

ನಮ್ಮ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ತಪ್ಪಿ ನಡೆದ ಮೇಲೆಯೇ ಅವು ಗೊತ್ತಾಗುವುದು. ನನಗೆ ಗೊತ್ತಾದದ್ದು 2008ರಲ್ಲಿ. ಸಣ್ಣ ಊರೊಂದರ ಕಾಲೇಜಿಗೆ ಆಗ ಹೊಸದಾಗಿ ಸೇರಿದ್ದೆ. ಹುಡುಗನೊಬ್ಬ ಎರಡು ವಾರದಿಂದ ತರಗತಿಗೆ ಬಂದಿರಲಿಲ್ಲ. ವಿಚಾರಿಸೋಣವೆಂದು ಒಂದು ಮಧ್ಯಾಹ್ನ ಊರ ಹೊರಗಿನ ಅವನ ಕೇರಿಗೆ ಹೋದೆ. ಒಂದೇ ಕೋಣೆಯ ಮನೆ. ಇದ್ದ ಒಂದೇ ಕುರ್ಚಿಯನ್ನು ತಾಯಿ ಸೆರಗಿನಿಂದ ಒರೆಸಿ ಕೊಟ್ಟರು. ತಂದೆಗೆ ಕಾಯಿಲೆ, ಮಗ ಕೂಲಿಗೆ ಹೋಗುತ್ತಿದ್ದಾನೆ ಎಂದರು. ಮಾತಿನ ನಡುವೆ ಅವನ ತಂಗಿ ಲಂಗದ ಮರೆಯಲ್ಲಿ ಲೋಟ ಹಿಡಿದು ಹಿತ್ತಿಲ ಬಾಗಿಲಿಂದ ಓಡಿದಳು. ಪಕ್ಕದ ಮನೆಯಿಂದ ಹಾಲು ತರಲೆಂದು ನನಗೆ ಹೊಳೆಯಿತು. ಇವರಿಗೇಕೆ ನನ್ನಿಂದ ಸಾಲ ಎಂದುಕೊಂಡು, "ಏನೂ ಬೇಡಿ ತಾಯಿ, ಈಗ ತಾನೇ ಆಯಿತು" ಎಂದೆ.

"ಅರ್ಧ ಲೋಟವಾದರೂ" ಎಂದು ಅಲ್ಲಿ ಯಾರೂ ಹೇಳಲಿಲ್ಲ. ಆಕೆ ತಲೆ ತಗ್ಗಿಸಿ, "ನಮ್ಮನೇಲಿ ಕುಡಿಯೋಲ್ಲ ಅಂತ ನನಗೆ ಗೊತ್ತಿತ್ತು ಸ್ವಾಮಿ, ಮಗೀಗೆ ಗೊತ್ತಾಗಲಿಲ್ಲ" ಎಂದರು.

ಆ ಮನೆಯ ನೀರನ್ನು ಯಾರು ಯಾರು ಎಷ್ಟು ತಲೆಮಾರಿನಿಂದ ಮುಟ್ಟಿರಲಿಲ್ಲವೋ, ಅವರೆಲ್ಲ ನನ್ನ ಒಂದು ಮಾತಿನ ಹಿಂದೆ ಬಂದು ನಿಂತರು. ನನ್ನ ಮರುಕ ಅವರಿಗೆ ಹೇಗೆ ಕಾಣಬೇಕು? ಕಂಡದ್ದು ಮಡಿ. "ಸುಳ್ಳು ಹೇಳಿದೆ ತಾಯಿ, ಟೀ ಕುಡಿದಿಲ್ಲ, ಕೊಡಿ" ಎಂದೆ. ಹುಡುಗಿ ಹಾಲು ತಂದಳು. ತಳದ ಚರಟದವರೆಗೂ ಕುಡಿದೆ. ಆಕೆಯ ಮುಖ ಪೂರ್ತಿ ತಿಳಿಯಾಯಿತೆಂದು ಹೇಳಲಾರೆ. ಕೊಟ್ಟಾಗ ಕುಡಿಯುವುದಕ್ಕೂ, ಒಲ್ಲೆನೆಂದ ಮೇಲೆ ಕೇಳಿ ಕುಡಿಯುವುದಕ್ಕೂ ಅಂತರವಿದೆ.

ಉಪಚರಿಸುವವರಿಗೂ ಒಂದು ಮಾತು: ಎರಡು ಸಲ ಕೇಳಿ, ಮೂರನೆಯ ಸಲ ಬೇಡ. ಸಕ್ಕರೆ ಕಾಯಿಲೆಯವರಿಗೆ ಅದು ಬಲವಂತದ ಮಾಘಸ್ನಾನ. ನಾನಂತೂ ಅಂದಿನಿಂದ ಮೊದಲ ಸಲಕ್ಕೇ "ಆಗಲಿ" ಎನ್ನುತ್ತೇನೆ. "ಸ್ವಲ್ಪವಾದರೂ ಸಂಕೋಚ ಬೇಡವೇ?" ಎಂದು ನನ್ನ ಹೆಂಡತಿ ದಾರಿಯುದ್ದಕ್ಕೂ ಬೈಯುತ್ತಾಳೆ. ನಾಲ್ಕು ಮನೆಗೆ ಹೋದ ದಿನ ನಾಲ್ಕು ಲೋಟವಾಗಿ, ರಾತ್ರಿ ನಿದ್ರೆಯೂ ಬರುವುದಿಲ್ಲ.