ಗಾಡಿಗೆ ಹಾರ ಹಾಕುವ ಮುನ್ನ

ಆಶ್ವಯುಜ ಮಾಸ ಸಮೀಪಿಸಿತೆಂದರೆ ನಮ್ಮ ಸುಂಕದಕಟ್ಟೆಯ ರೂಪವೇ ಬದಲಾಗುತ್ತದೆ. ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ಬೂದುಗುಂಬಳದ ರಾಶಿಗಳು ಏಳುತ್ತವೆ. ಬಾಳೆಕಂದುಗಳು ಗೋಡೆಗೊರಗಿ ನಿಲ್ಲುತ್ತವೆ. ಸೇವಂತಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ವರ್ಷವಿಡೀ ಲೇತ್ ಯಂತ್ರಗಳ ಸದ್ದು ತುಂಬಿರುವ ಓಣಿಗಳು ಆಯುಧಪೂಜೆಯ ದಿನ ಮಾತ್ರ ಮೌನ ತಾಳುತ್ತವೆ. ಗಾಡಿ ತೊಳೆಯುವವರ ಮುಂದೆ ಬೆಳಗಿನ ಜಾವದಿಂದಲೇ ವಾಹನಗಳ ಸಾಲು. ಎರಡು ಅಂಗಡಿ ಆಚೆಗೆ ಬ್ರೇಕು ದುರಸ್ತಿ ಮಾಡುವ ಮೇಸ್ತ್ರಿಯೋ, ಅಂದು ದಿನಪತ್ರಿಕೆ ಓದುತ್ತ ಕುಳಿತಿರುತ್ತಾನೆ. ಈ ದೃಶ್ಯದಲ್ಲಿ ವಿಚಿತ್ರವೇನಾದರೂ ಇದೆಯೆಂದು ನಮಗೆ ಬಹುಕಾಲ ತೋರಿರಲೇ ಇಲ್ಲ.

ನಮ್ಮದು ಒಂದು ಸಣ್ಣ ಲೇತ್ ಕಾರ್ಖಾನೆ. ತಯಾರಾದ ಬಿಡಿಭಾಗಗಳನ್ನು ಹೆಗ್ಗನಹಳ್ಳಿಯ ಮಾರ್ಗವಾಗಿ ಪೀಣ್ಯಕ್ಕೆ ಮುಟ್ಟಿಸಲು ಒಂದು ಸಣ್ಣ ಸರಕು ವಾಹನವಿದೆ. ನಮ್ಮ ತಂದೆಯವರು ಮಾಗಡಿಯ ಕಡೆಯ ಹಳ್ಳಿಯಲ್ಲಿ ಎತ್ತಿನಗಾಡಿ ಹೂಡಿದವರು. ಮಳೆ ಹಿಂದೆಗೆದು ರಾಗಿ ಕೊಯ್ಲು ಬರುವುದಕ್ಕೆ ಮೊದಲೇ ಅವರು ಗಾಡಿಯನ್ನು ಬಿಚ್ಚಿ ಕೂರುತ್ತಿದ್ದರು. ಕಡಾಣಿ ಸವೆದಿದೆಯೇ, ಅಚ್ಚಿನಲ್ಲಿ ಬಿರುಕಿದೆಯೇ, ಗಾಲಿಯ ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ ಎಂದು ತಟ್ಟಿ ನೋಡುವರು. ಪಟ್ಟಿ ಸಡಿಲವಾಗಿದ್ದರೆ ಕಮ್ಮಾರನಲ್ಲಿಗೆ ಒಯ್ದು, ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರೆರೆದು ಬಿಗಿಸಿ ತರುವರು. ಅನಂತರವೇ ಪೂಜೆ. "ಮೊದಲು ಕೀಲೆಣ್ಣೆ, ಆಮೇಲೆ ವಿಭೂತಿ" ಎಂದು ಅವರು ಹೇಳುತ್ತಿದ್ದುದು ನಮ್ಮ ಕಿವಿಯಲ್ಲಿ ಉಳಿದಿತ್ತು, ಕೈಗೆ ಇಳಿದಿರಲಿಲ್ಲ.

2017ರ ಮಾತು. ಆ ವರ್ಷ ಬೆಂಗಳೂರಿನಲ್ಲಿ ದಾಖಲೆಯ ಮಳೆ ಸುರಿದುದು ಹಲವರಿಗೆ ನೆನಪಿರಬಹುದು. ಹಬ್ಬಕ್ಕೆ ಎರಡು ವಾರವಿರುವಾಗಲೇ ಮೇಸ್ತ್ರಿ ಎಚ್ಚರಿಸಿದ್ದ: "ಸ್ವಾಮೀ, ಪೆಡಲ್ ಮೆತ್ತಗಾಗಿದೆ. ಹಿಂದಿನ ಗಾಲಿಯ ಸಿಲಿಂಡರಿನಿಂದ ಎಣ್ಣೆ ಜಿನುಗುತ್ತಿದೆ. ಒಂದು ದಿನ ಗಾಡಿ ಬಿಟ್ಟುಹೋಗಿ." ಹಬ್ಬದ ಮುಂಚಿನ ಕೆಲಸದ ಒತ್ತಡದಲ್ಲಿ ಒಂದು ದಿನ ಗಾಡಿ ನಿಲ್ಲಿಸುವುದೆಂದರೆ ಹೇಗೆ? "ಹಬ್ಬ ಕಳೆಯಲಿ" ಎಂದೆವು. ಆದರೆ ಹಾರ, ತೋರಣ, ಬಾಳೆಕಂದು, ಕುಂಬಳಕಾಯಿ, ತೊಳೆಸಿ ಹೊಳಪು ಕೊಡಿಸಿದ ಕೂಲಿ ಎಂದು ಸುಮಾರು 1,800 ರೂಪಾಯಿಗಳನ್ನು ಎಣಿಸದೆ ಕೊಟ್ಟೆವು. (ಕೆ.ಎಸ್.ಆರ್.ಟಿ.ಸಿ.ಯವರು ಬಸ್ಸೊಂದರ ಪೂಜೆಗೆ ಕೊಡುತ್ತಿದ್ದ 100 ರೂಪಾಯಿಯನ್ನು 2024ರಲ್ಲಿ 250ಕ್ಕೆ ಏರಿಸಿದರೆಂಬ ಸುದ್ದಿ ಓದಿದಾಗ ನಮಗೆ ನಾಚಿಕೆಯಾದುದುಂಟು.)

ಸೆಪ್ಟೆಂಬರ್ 29ರ ಸಂಜೆ ಓಣಿಯ ಬಾಯಲ್ಲಿ, ಎಲ್ಲರೂ ಮಾಡುವಂತೆಯೇ, ಕುಂಕುಮ ತುಂಬಿ ಚಿಲ್ಲರೆ ನಾಣ್ಯ ಹಾಕಿದ ಕುಂಬಳಕಾಯಿಯನ್ನು ನಡುರಸ್ತೆಗೆ ಅಪ್ಪಳಿಸಿದೆವು. ಮಕ್ಕಳು ನಾಣ್ಯ ಆರಿಸಿಕೊಂಡು ಓಡಿದವು. ನಾವು ಮನೆಯೊಳಗೆ ಹೋದೆವು. ಇರುಳು ತುಂತುರು ಮಳೆಯಾಯಿತು.

ಮರುದಿನ ವಿಜಯದಶಮಿ. ಶುಭದಿನದ ಮೊದಲ ಲೋಡೆಂದು ಬೆಳಿಗ್ಗೆ ಏಳೂವರೆಗೆ ಗಾಡಿ ಹೊರಡಿಸಿದೆವು. ನಮ್ಮ ಮುಂದೆ ಹತ್ತು ಮಾರು ದೂರದಲ್ಲಿ ಒಬ್ಬ ತಾಯಿ ಮಗಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಸಾಗುತ್ತಿದ್ದರು. ಓಣಿಯ ಬಾಯಿಗೆ ಬರುತ್ತಿದ್ದಂತೆ ಸ್ಕೂಟರ್ ಜಾರಿ ಇಬ್ಬರೂ ಉರುಳಿದರು. ನಾವು ಬ್ರೇಕು ತುಳಿದೆವು. ಪೆಡಲ್ ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಎರಡನೆಯ ಬಾರಿ, ಮೂರನೆಯ ಬಾರಿ ತುಳಿದ ಮೇಲೆ, ಕೈಬ್ರೇಕನ್ನೂ ಎಳೆದ ಮೇಲೆ, ಬಿದ್ದ ಸ್ಕೂಟರನ್ನು ಒಂದಡಿ ತಳ್ಳಿ ಅದು ನಿಂತಿತು. ಸ್ಕೂಟರಿನ ಆಚೆಗೆ ಆ ಮಗು ಕುಳಿತಿತ್ತು.

ಮಗುವಿಗೆ ಮೊಣಕಾಲು ತರಚಿದುದಲ್ಲದೆ ಏನೂ ಆಗಿರಲಿಲ್ಲ. ತಾಯಿಯ ಮಣಿಕಟ್ಟು ಮುರಿದಿತ್ತು. ಅವರನ್ನು ಎತ್ತಲು ಬಗ್ಗಿದಾಗ ನಮ್ಮ ಪಾದವೂ ಜಾರಿತು. ಕೆಳಗೆ ನೋಡಿದರೆ ಕುಂಕುಮದ ಕೆಂಪು, ಬಿಳಿಯ ತಿರುಳು, ಬೀಜ. ಅವರನ್ನು ಬೀಳಿಸಿದ್ದು ನಾವು ಒಡೆದ ಕಾಯಿ. ಅವರ ಮೇಲೆ ಹರಿಯಲಿದ್ದುದು ನಾವು ದುರಸ್ತಿ ಮಾಡಿಸದ ಗಾಡಿ. ದೃಷ್ಟಿ ತಗಲದಿರಲೆಂದು ಮಾಡಿದ ಕಾರ್ಯ ಇನ್ನೊಬ್ಬರ ಮನೆಗೆ ಕೇಡು ತಂದಿತ್ತು. ಚಿಕಿತ್ಸೆಯ ವೆಚ್ಚವನ್ನು ನಾವೇ ಭರಿಸಿದೆವು. ಆ ತಾಯಿ ಒಂದು ಕಠಿಣ ಮಾತನ್ನೂ ಆಡಲಿಲ್ಲ; ಅದೇ ನಮಗೆ ಹೆಚ್ಚು ಭಾರವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಹಬ್ಬದ ಸಿದ್ಧತೆ ಮಹಾಲಯ ಅಮಾವಾಸ್ಯೆಗೂ ಹಿಂದಿನ ವಾರದಿಂದ ಆರಂಭವಾಗುತ್ತದೆ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ಕಾಲ. ಮುಂಗಾರು ಹಿಂದೆಗೆಯುವಾಗಲೂ ಸುರಿಯುತ್ತದೆ, ಹಿಂಗಾರು ಬಂದಾಗಲೂ ಸುರಿಯುತ್ತದೆ. ಆದ್ದರಿಂದ ಶರದೃತುವೆಂದರೆ ನಿರ್ಮಲಾಕಾಶವೆಂಬ ಕಾವ್ಯದ ಮಾತನ್ನು ನಂಬಿ ಗಾಡಿ ಹೊರಡಿಸಲಾಗದು. ಮೊದಲಿಗೆ ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಬಿಸಿಯೇರಿದಾಗ ಬೇಗ ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕೆಂಬುದನ್ನು ನಾವು ತಡವಾಗಿ ಕಲಿತೆವು. ಹಿಂದಿನ ಗಾಲಿಗಳ ಡ್ರಮ್ಮು ಬಿಚ್ಚಿಸಿ ಲೈನರ್, ಸಿಲಿಂಡರಿನ ರಬ್ಬರುಗಳನ್ನು ಎದುರಿಗೇ ನಿಂತು ನೋಡುತ್ತೇವೆ. ಬಳಿಕ ಟೈರು. ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರು ನೆಲ ಹಿಡಿಯುವಂತೆ ಮಾಡುವುದು ಅದರ ಗೀರುಗಳು. ನಮ್ಮಂಥ ಸರಕು ವಾಹನಕ್ಕೆ ಗೀರಿನ ಆಳ 1.6 ಮಿಲಿಮೀಟರಿಗಿಂತ, ದ್ವಿಚಕ್ರ ವಾಹನಕ್ಕೆ 0.8 ಮಿಲಿಮೀಟರಿಗಿಂತ ಕಡಿಮೆಯಿರಕೂಡದೆಂದು ನಿಯಮವೇ ಇದೆ. ನಿಯಮದ ಅಂಚಿನವರೆಗೆ ಕಾಯುವುದು ಜಾಣತನವಲ್ಲವೆಂಬುದು ನಮ್ಮ ಅಭಿಪ್ರಾಯ. ವೈಪರ್, ದೀಪ, ಬ್ಯಾಟರಿಯ ತಲೆಗೆ ಕಟ್ಟಿದ ಬಿಳಿಯ ಪುಡಿ ಇವೆಲ್ಲ ಒಂದು ಗಂಟೆಯ ಕೆಲಸ. ವಿಮೆ, ಹೊಗೆ ತಪಾಸಣೆ, ಎಫ್.ಸಿ. ದಿನಾಂಕಗಳನ್ನು ನಮ್ಮ ಮನೆಯವರು ಪಂಚಾಂಗದ ಹಿಂಪುಟದಲ್ಲಿ ಬರೆದಿಟ್ಟಿದ್ದಾರೆ; ನಮಗಿಂತ ಅವರ ಲೆಕ್ಕವೇ ಪಕ್ಕಾ.

ಪೂಜೆಯನ್ನು ಬಿಟ್ಟೆವೇ ಎಂದು ಬಂಧುಗಳು ಕೇಳಿದ್ದುಂಟು. ಬಿಟ್ಟಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು. ಸುಂಕದ ಬಂಕಣ್ಣನವರು ಸುಂಕದ ಕಾಯಕದವರು, ಅವರ ಹೆಸರನ್ನು ಓದಿದಾಗಲೆಲ್ಲ ನಮಗೆ ನಮ್ಮೂರೇ ನೆನಪಾಗುತ್ತದೆ. ಚೌಡಯ್ಯನವರಂತೂ ಡಾಂಭಿಕ ಪೂಜೆಯನ್ನು ಖಾರವಾಗಿ ಖಂಡಿಸಿದವರು. ದೋಣಿಯ ತಳದಲ್ಲಿ ನೀರು ಜಿನುಗುತ್ತಿರುವಾಗ ಅದರ ಮೂತಿಗೆ ಹೂವು ಮುಡಿಸಿ ಜನರನ್ನು ಹತ್ತಿಸಿಕೊಳ್ಳುವ ಅಂಬಿಗನನ್ನು ಅವರು ಏನೆನ್ನುತ್ತಿದ್ದರೋ ಊಹಿಸಬಹುದು. ಈಗ ನಮ್ಮ ಗಾಡಿಗೆ ವಿಭೂತಿ, ಬಿಲ್ವಪತ್ರೆ, ಒಂದೇ ಒಂದು ಮಾರು ಸೇವಂತಿಗೆ. ಬಾಳೆಕಂದು ಕಟ್ಟುವುದಿಲ್ಲ, ಪಕ್ಕದ ಕನ್ನಡಿಯನ್ನೂ ದೀಪವನ್ನೂ ಅದು ಮರೆಮಾಡುತ್ತದೆ. ಮೇಸ್ತ್ರಿಗೆ ಮೊದಲ ತಾಂಬೂಲ.

ಕುಂಬಳಕಾಯಿ ಒಂದನ್ನು ಈಗಲೂ ತರುತ್ತೇವೆ. ಅದನ್ನು ಗಾಡಿಯ ಮುಂದಿಟ್ಟು ಪೂಜಿಸಿ, ಒಳಗೊಯ್ದು ಹೆಚ್ಚಿ, ಮರುದಿನ ಮಜ್ಜಿಗೆಹುಳಿ ಮಾಡುತ್ತಾರೆ. ಎರಡು ಓಣಿ ಆಚೆಗಿರುವ ಆ ತಾಯಿಯ ಮನೆಗೂ ಒಂದು ಡಬ್ಬಿ ಹೋಗುತ್ತದೆ. ಡಬ್ಬಿ ಬರಿದಾಗಿ ಮರಳುವುದಿಲ್ಲ. ಸಕ್ಕರೆಯೋ ಕಡಲೆಬೇಳೆಯೋ ಇರುತ್ತದೆ. ಕಳೆದ ವರ್ಷ ಅದನ್ನು ಹಿಂದಿರುಗಿಸಲು ಬಂದವಳು ಅಂದಿನ ಆ ಮಗು, ಈಗ ಕಾಲೇಜಿಗೆ ಹೋಗುವ ಹುಡುಗಿ. ಬಾಗಿಲಲ್ಲೇ ನಿಂತು ಕೇಳಿದಳು: "ಅಂಕಲ್, ಈ ಸಲ ಬ್ರೇಕ್ ತೋರಿಸಿದ್ರಾ ಅಂತ ಅಮ್ಮ ಕೇಳಿದ್ರು."